ಮೈದಾನದ ಪಕ್ಕ ಬೇಡ, ಲೋಕಲ್ ಲೈನ್ ಮೇಲೆ ರೂಮ್ ಹುಡುಕಿ: ಮುಂಬೈ ಸಂಗೀತೋತ್ಸವಕ್ಕೆ ಬರುವವರಿಗೆ ಗೋರೆಗಾಂವ್‌ನಿಂದ ನಾಲ್ಕು ಮಾತು

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಓದೋಕೆ ಕೊಡಿ ಅನ್ನುವವರಿಗೆ ಈ ವಾರದ ಮಾತಿನ ಬರಹ ರೂಪ ಇದು. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೀನಿ.

ಇವತ್ತು ಸಂಗೀತದ ಬಗ್ಗೆ ಮಾತಾಡಲ್ಲ. ಸಂಗೀತ ಕೇಳಿ ಮುಗಿದ ಮೇಲೆ ರಾತ್ರಿ ಎಲ್ಲಿ ಮಲಗಬೇಕು ಅನ್ನೋದರ ಬಗ್ಗೆ ಮಾತಾಡ್ತೀನಿ. ಹುಬ್ಬಳ್ಳಿ, ಬೆಳಗಾವಿ, ಮಂಗಳೂರು, ಉಡುಪಿ ಕಡೆಯ ಹುಡುಗ ಹುಡುಗಿಯರು ಈಗ ಮುಂಬೈಗೆ ದೊಡ್ಡ ದೊಡ್ಡ ಸಂಗೀತ ಕಾರ್ಯಕ್ರಮಕ್ಕೆ ಬರ್ತಿದ್ದಾರೆ. ಟಿಕೆಟ್‌ಗೆ ತಿಂಗಳುಗಟ್ಟಲೆ ದುಡ್ಡು ಕೂಡಿಸಿರ್ತಾರೆ. ರೂಮಿನ ವಿಷಯವನ್ನ ಮಾತ್ರ ಕೊನೆಯ ವಾರಕ್ಕೆ ಬಿಡ್ತಾರೆ. ಅದರಿಂದ ಏನಾಗುತ್ತೆ ಅಂತ ನಮ್ಮ ಮನೆಯದೇ ಒಂದು ಘಟನೆ ಹೇಳಿ ಶುರು ಮಾಡ್ತೀನಿ.

ರಾತ್ರಿ ಹನ್ನೊಂದೂಕಾಲರ ಫೋನು

2025ರ ಮಾರ್ಚ್ 8, ಶನಿವಾರ. ಗೋರೆಗಾಂವ್‌ನ ನಮ್ಮ ಮನೆಯಲ್ಲಿ ಊಟ ಮುಗಿಸಿ ಹಾಸಿಗೆ ಹಾಸ್ತಾ ಇದ್ವಿ. ಹುಬ್ಬಳ್ಳಿಯಲ್ಲಿರೋ ನಮ್ಮಣ್ಣನ ಮಗಳ ಫೋನು ಬಂತು.

"ಕಾಕಾ, ಮಲಗಿದ್ರ್ಯಾ?"

"ಇಲ್ಲವಾ, ಹೇಳು."

"ನಾವು ಮುಂಬೈನ್ಯಾಗ ಅದೀವಿ. ಹೋಟೆಲ್‌ನವ್ರು ರೂಮ್ ಕೊಡವಲ್ರು. ನಿಮ್ಮ ಬುಕಿಂಗ್ ನಮಗ ಬಂದೇ ಇಲ್ಲ ಅಂತಾರ."

ಅವಳು ಮತ್ತೆ ಅವಳ ಗೆಳತಿ, ಇಬ್ಬರೂ ಡಿಗ್ರಿ ಕೊನೆಯ ವರ್ಷದವರು. ಮಹಾಲಕ್ಷ್ಮಿ ರೇಸ್‌ಕೋರ್ಸ್‌ನಲ್ಲಿ ನಡೆದ ಲೊಲ್ಲಾಪಲೂಜಾ ಉತ್ಸವಕ್ಕೆ ಬಂದಿದ್ರು. ಎರಡು ದಿನದ ಕಾರ್ಯಕ್ರಮ, ಆ ಸಲ ಶಾನ್ ಮೆಂಡಿಸ್, ಗ್ರೀನ್ ಡೇ ಎಲ್ಲಾ ಬಂದಿದ್ರು. ಬೆಳಗಿನ ಜಾವ ದಾದರ್‌ನಲ್ಲಿ ಇಳಿದು, ಬ್ಯಾಗ್ ಸ್ಟೇಷನ್ನಿನ ಕ್ಲೋಕ್‌ರೂಮಿನಲ್ಲಿ ಇಟ್ಟು, ನೇರ ಊರು ಸುತ್ತೋಕೆ ಹೋಗಿದ್ದಾರೆ. ಮೈದಾನದಿಂದ ನಡೆದು ಹೋಗುವಷ್ಟು ಹತ್ತಿರ ಅಂತ ಒಂದು ಲಾಡ್ಜ್‌ಗೆ ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿದ್ರು. ಕಾರ್ಯಕ್ರಮ ಮುಗಿಸಿ ಆ ಗಲ್ಲಿ ಹುಡುಕಿಕೊಂಡು ಹೋದರೆ, ಕೌಂಟರಿನಲ್ಲಿದ್ದವನು ಬುಕಿಂಗ್ ಇಲ್ಲ ಅಂದ. ಬೇಕಾದರೆ ಈಗಿನ ರೇಟಿಗೆ ಒಂದು ರೂಮ್ ಇದೆ ಅಂದ. ಆ ರೇಟು ಇವರು ಕಟ್ಟಿದ್ದರ ಮೂರು ಪಟ್ಟು.

ನಾನು ಹೇಳಿದ್ದು ಇಷ್ಟೇ: "ಅಲ್ಲಿ ರಸ್ತೆ ಮ್ಯಾಲೆ ನಿಂದ್ರಬ್ಯಾಡ್ರಿ. ಮಹಾಲಕ್ಷ್ಮಿ ಸ್ಟೇಷನ್ ಒಳಗ ಬರ್ರಿ. ಬೋರಿವಲಿ ಸ್ಲೋ ಗಾಡಿ ಬರ್ತದ, ಲೇಡೀಸ್ ಡಬ್ಬಾ ಹತ್ತ್ರಿ. ಗೋರೆಗಾಂವ್‌ನ್ಯಾಗ ಪ್ಲಾಟ್‌ಫಾರ್ಮಿನ ಮ್ಯಾಲೆ ನಾ ಇರ್ತೀನಿ."

ಹನ್ನೆರಡೂವರೆಗೆ ಇಬ್ಬರೂ ಇಳಿದ್ರು. ಕೈಯಲ್ಲಿ ಒಂದು ನೀರಿನ ಬಾಟ್ಲಿ, ಮುಖದ ಮೇಲೆ ಹಚ್ಚಿಕೊಂಡ ಬಣ್ಣ ಅರ್ಧ ಅಳಿಸಿತ್ತು. ಮನೆಯ ತನಕ ಇಬ್ಬರೂ ಮಾತಾಡಲಿಲ್ಲ.

ಮರುದಿನ ಬೆಳಿಗ್ಗೆ ಚಹಾ ಕುಡೀತಾ ನಮ್ಮ ಮನೆಯವಳು ಕೇಳಿದಳು: "ಹೇಳಿ ಬರಬಾರದಿತ್ತೇನವಾ?" ಅದಕ್ಕೆ ಹುಡುಗಿ, "ನಿಮ್ಮ ಮನ್ಯಾಗ ಇರೋದು ಒಂದ ರೂಮು ಚಿಕ್ಕಮ್ಮ, ತೊಂದ್ರಿ ಆಕ್ಕೈತಿ ಅಂತ ಹೇಳ್ಲಿಲ್ಲ" ಅಂದಳು.

ಅವಳು ಹೇಳಿದ್ದು ಸುಳ್ಳಲ್ಲ. ಮುಂಬೈಯಲ್ಲಿ ನಮ್ಮಂಥವರ ಮನೆ ಅಂದರೆ ಒಂದು ರೂಮು, ಒಂದು ಅಡುಗೆಮನೆ. ಒಂದು ರಾತ್ರಿಗೆ ಹೇಗೋ ಆಗುತ್ತೆ. ಬಂದವರಿಗೆಲ್ಲ ಪ್ರತಿಸಲ ಆಗಲ್ಲ. ಅದಕ್ಕೇ ಆಮೇಲೆ ಬಿಡುವಾದಾಗೆಲ್ಲ ಸುತ್ತಮುತ್ತ ಲಾಡ್ಜ್, ಪಿಜಿ, ಡಾರ್ಮಿಟರಿಗಳಲ್ಲಿ ವಿಚಾರಿಸಿದೆ. ತಿಳಿದದ್ದನ್ನ ನಿಮಗೆ ಹೇಳ್ತಾ ಇದ್ದೀನಿ.

ದೂರವನ್ನ ಕಿಲೋಮೀಟರಿನಲ್ಲಿ ಅಳೀಬೇಡಿ

ಊರಿನಿಂದ ಬರುವವರು ಮಾಡೋ ಮೊದಲ ಕೆಲಸ ಮ್ಯಾಪ್ ತೆಗೆದು ಮೈದಾನದ ಮೇಲೆ ಬೆರಳಿಟ್ಟು, ಅದರ ಸುತ್ತ ರೂಮ್ ಹುಡುಕೋದು. ಹುಬ್ಬಳ್ಳಿಯಲ್ಲಿ ಅದು ಸರಿ. ಮುಂಬೈಯಲ್ಲಿ ತಪ್ಪು. ಕಾರಣ ಎರಡು.

ಒಂದು, ಎಲ್ಲರೂ ಅಲ್ಲೇ ಬೆರಳಿಡ್ತಾರೆ. ಮಹಾಲಕ್ಷ್ಮಿ, ವರ್ಲಿ, ಲೋವರ್ ಪರೇಲ್ ಮೊದಲೇ ದುಬಾರಿ ಜಾಗ. ಕಾರ್ಯಕ್ರಮದ ದಿನ ದರ ಇನ್ನೂ ಏರುತ್ತೆ. 2025ರ ಜನವರಿಯಲ್ಲಿ ನವಿ ಮುಂಬೈಯ ಡಿ.ವೈ. ಪಾಟೀಲ್ ಸ್ಟೇಡಿಯಂನಲ್ಲಿ ಕೋಲ್ಡ್‌ಪ್ಲೇ ಬಂದಾಗ ಸುತ್ತಲಿನ ಹೋಟೆಲ್ ದರ ಎಲ್ಲಿಗೆ ಹೋಗಿತ್ತು ಅಂತ ಪೇಪರಿನಲ್ಲಿ ಓದಿರ್ತೀರಿ. ದರ ಏರಿದಾಗ, ಹಿಂದೆ ಕಡಿಮೆಗೆ ಬುಕ್ ಮಾಡಿದವರನ್ನ ಹೇಗಾದರೂ ತಪ್ಪಿಸಿ ಹೊಸಬರಿಗೆ ಕೊಡೋ ಆಸೆ ಕೆಲವು ಲಾಡ್ಜ್‌ನವರಿಗೆ ಬರುತ್ತೆ. ನಮ್ಮ ಹುಡುಗಿಯರಿಗೆ ಆದದ್ದು ಅದೇ ಇರಬೇಕು.

ಎರಡು, ಈ ಊರಿನಲ್ಲಿ ದೂರ ಅನ್ನೋದು ಲೋಕಲ್ ಟ್ರೇನಿನ ಲೆಕ್ಕ. ಮಹಾಲಕ್ಷ್ಮಿಯಿಂದ ಗೋರೆಗಾಂವ್ ಸುಮಾರು 21 ಕಿಲೋಮೀಟರ್, ಹೆಚ್ಚುಕಡಿಮೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಇರುವಷ್ಟು. ಕೇಳೋಕೆ ದೂರ. ಆದರೆ ಎರಡೂ ವೆಸ್ಟರ್ನ್ ಲೈನಿನ ಸ್ಟೇಷನ್‌ಗಳು. ಸ್ಲೋ ಗಾಡಿ ಹತ್ತಿದರೆ ಎಲ್ಲೂ ಬದಲಾಯಿಸೋದು ಬೇಡ, ಮುಕ್ಕಾಲು ಗಂಟೆ ಆಸುಪಾಸಿನಲ್ಲಿ ಮನೆ ಮುಟ್ಟಬಹುದು. ಸೆಕೆಂಡ್ ಕ್ಲಾಸ್ ಟಿಕೆಟ್ ಹತ್ತು ರೂಪಾಯಿ ಆಸುಪಾಸು. ಅದೇ 5 ಕಿಲೋಮೀಟರ್ ದೂರದಲ್ಲಿದ್ದೂ ರೈಲು ಸ್ಟೇಷನ್ ಇಲ್ಲದ ಕಡೆ ರೂಮ್ ಹಿಡಿದರೆ, ಕಾರ್ಯಕ್ರಮ ಬಿಟ್ಟ ಹೊತ್ತಿಗೆ ಟ್ಯಾಕ್ಸಿಗಾಗಿ ಒಂದು ಗಂಟೆ ರಸ್ತೆಯಲ್ಲಿ ನಿಲ್ಲಬೇಕಾಗಬಹುದು.

ಇಲ್ಲಿ ಹೊಸಬರಿಗೆ ಗೊತ್ತಿರದ ಒಂದು ವಿಷಯ ಇದೆ. ದಕ್ಷಿಣ ಮುಂಬೈಯಲ್ಲಿ ಆಟೋರಿಕ್ಷಾ ಓಡಲ್ಲ. ಪಶ್ಚಿಮದ ಕಡೆ ಬಾಂದ್ರಾ ದಾಟಿ ಈಚೆ ಬಂದ ಮೇಲೇ ಆಟೋ. ಮಹಾಲಕ್ಷ್ಮಿಯಲ್ಲಿ ಸಿಗೋದು ಕಪ್ಪು ಹಳದಿ ಟ್ಯಾಕ್ಸಿ, ಇಲ್ಲಾ ಆ್ಯಪ್ ಕ್ಯಾಬು. ಸಾವಿರಾರು ಜನ ಒಂದೇ ಗೇಟಿನಿಂದ ಹೊರಗೆ ಬಂದಾಗ ಅವೆರಡೂ ಸಾಲಲ್ಲ.

ಹತ್ತು ಗಂಟೆ ಮತ್ತು ಒಂದು ಗಂಟೆ

ಈ ಎರಡು ಸಮಯ ನೆನಪಿಟ್ಟುಕೊಳ್ಳಿ, ಅರ್ಧ ಕೆಲಸ ಆಯ್ತು.

ಬಯಲಿನಲ್ಲಿ ನಡೆಯೋ ಕಾರ್ಯಕ್ರಮ ರಾತ್ರಿ 10 ಗಂಟೆಗೆ ಮುಗೀಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಿನಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ. ವರ್ಷಕ್ಕೆ ಹೆಚ್ಚೆಂದರೆ 15 ದಿನ, ಹಬ್ಬ ಹರಿದಿನಗಳಿಗೆ ಅಂತ, ಸರ್ಕಾರ ರಾತ್ರಿ 12ರ ತನಕ ವಿನಾಯಿತಿ ಕೊಡಬಹುದು. ಗಣಪತಿ, ನವರಾತ್ರಿಗೆ ಸಿಗೋದು ಆ ವಿನಾಯಿತಿನೇ. ಹಾಗಾಗಿ ಸಂಗೀತೋತ್ಸವ ಹತ್ತಕ್ಕೆ ಮುಗಿಯುತ್ತೆ ಅಂತಲೇ ಲೆಕ್ಕ ಹಾಕಿ.

ಇನ್ನು ಒಂದು ಗಂಟೆ. ಚರ್ಚ್‌ಗೇಟ್‌ನಿಂದ ಬೋರಿವಲಿಗೆ ಕೊನೆಯ ಸ್ಲೋ ಗಾಡಿ ರಾತ್ರಿ 1 ಗಂಟೆಗೆ. ವೇಳಾಪಟ್ಟಿ ಬದಲಾಗ್ತಿರುತ್ತೆ, ಹೊರಡೋ ಮುಂಚೆ ಎಂ-ಇಂಡಿಕೇಟರ್ ಆ್ಯಪಿನಲ್ಲಿ ನೋಡಿಕೊಳ್ಳಿ. ಹತ್ತಕ್ಕೆ ಮುಗಿದು, ನೂಕುನುಗ್ಗಲಿನಲ್ಲಿ ಹೊರಗೆ ಬಂದು, ನಡೆದು ಸ್ಟೇಷನ್ ಮುಟ್ಟೋಕೆ ಒಂದು ಗಂಟೆ ಹಿಡಿದರೂ ಹನ್ನೊಂದು. ಕೈಯಲ್ಲಿ ಇನ್ನೂ ಎರಡು ಗಂಟೆ ಉಳಿಯುತ್ತೆ. ಮೈದಾನದ ಪಕ್ಕವೇ ಮಲಗಬೇಕು ಅನ್ನೋ ಅವಸರ ಇಲ್ಲ ಅನ್ನೋದು ಈ ಲೆಕ್ಕದಿಂದ.

ಮೆಟ್ರೋದ ಕಥೆ ಬೇರೆ. ಮೂರನೇ ಲೈನು 2025ರ ಅಕ್ಟೋಬರ್‌ನಲ್ಲಿ ಆರೆ ಜೆವಿಎಲ್ಆರ್‌ನಿಂದ ಕಫ್ ಪರೇಡ್ ತನಕ ಪೂರ್ತಿ ತೆರೆದಿದೆ, ಮಹಾಲಕ್ಷ್ಮಿಯಲ್ಲೂ ಒಂದು ಸ್ಟೇಷನ್ ಇದೆ. ಮಧ್ಯಾಹ್ನ ಬಿಸಿಲಿನಲ್ಲಿ ಹೋಗೋಕೆ ತಂಪಾಗಿ ಚೆನ್ನಾಗಿದೆ. ಆದರೆ ಮೆಟ್ರೋ ರಾತ್ರಿ ಹತ್ತೂವರೆ ಆಸುಪಾಸಿಗೆ ಮುಗಿಯುತ್ತೆ. ಬರುವಾಗ ಅದನ್ನ ನಂಬಬೇಡಿ.

ಭಾನುವಾರದ ಬಗ್ಗೆಯೂ ಒಂದು ಮಾತು. ಭಾನುವಾರ ಹಗಲು ಹಳಿ ರಿಪೇರಿಗೆ ಅಂತ ರೈಲ್ವೆ ಬ್ಲಾಕ್ ತಗೊಳ್ಳುತ್ತೆ, ಇಲ್ಲಿಯವರು ಮೆಗಾಬ್ಲಾಕ್ ಅಂತಾರೆ. ಆಗ ಸ್ಲೋ ಗಾಡಿಗಳನ್ನ ಫಾಸ್ಟ್ ಹಳಿ ಮೇಲೆ ಓಡಿಸಿದರೆ ಮಹಾಲಕ್ಷ್ಮಿಯಂಥ ಚಿಕ್ಕ ಸ್ಟೇಷನ್ನಿನಲ್ಲಿ ನಿಲ್ಲಲ್ಲ. ಮುಂಬೈ ಸೆಂಟ್ರಲ್‌ಗೆ ಹೋಗಿ ಅಲ್ಲಿಂದ ಟ್ಯಾಕ್ಸಿ ಹಿಡೀಬೇಕಾಗಬಹುದು. ಶನಿವಾರವೇ ಪ್ರಕಟಣೆ ನೋಡಿಕೊಳ್ಳಿ.

ಯಾವ ಮೈದಾನಕ್ಕೆ ಯಾವ ಲೈನು

ಎಲ್ಲರೂ ಗೋರೆಗಾಂವ್‌ಗೇ ಬನ್ನಿ ಅಂತ ನಾನು ಹೇಳ್ತಿಲ್ಲ. ಕಾರ್ಯಕ್ರಮ ಎಲ್ಲಿ ಅಂತ ನೋಡಿ ಲೈನು ಆರಿಸಬೇಕು.

ಮಹಾಲಕ್ಷ್ಮಿ ರೇಸ್‌ಕೋರ್ಸ್ ಆದರೆ ವೆಸ್ಟರ್ನ್ ಲೈನು. ಅಂಧೇರಿಯಿಂದ ಬೋರಿವಲಿ ತನಕ ಎಲ್ಲಿದ್ದರೂ ಸರಿ. ಗೋರೆಗಾಂವ್, ಮಲಾಡ್, ಕಾಂದಿವಲಿ ಕಡೆ ಅಂಧೇರಿಗಿಂತ ಸ್ವಲ್ಪ ಸೋವಿ.

ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್ ಆದರೂ ವೆಸ್ಟರ್ನ್ ಲೈನು ನಡೆಯುತ್ತೆ. ರಾತ್ರಿ ಅಲ್ಲಿಂದ ಆಟೋ ಹಿಡಿದು ಬಾಂದ್ರಾ ಸ್ಟೇಷನ್, ಅಲ್ಲಿಂದ ಲೋಕಲ್.

ಗೋರೆಗಾಂವ್ ಪೂರ್ವದ ನೆಸ್ಕೋದಲ್ಲೇ ಕಾರ್ಯಕ್ರಮ ಇದ್ದರೆ ರಾಮ್ ಮಂದಿರ್ ಸ್ಟೇಷನ್ ಹತ್ತಿರ. 2016ರ ಡಿಸೆಂಬರ್‌ನಲ್ಲಿ ಶುರುವಾದ ಸ್ಟೇಷನ್, ಜೋಗೇಶ್ವರಿ ಮತ್ತು ಗೋರೆಗಾಂವ್ ನಡುವೆ. ಇಲ್ಲಿ ಒಂದು ತೊಡಕಿದೆ. ನೆಸ್ಕೋ ಅಂದರೆ ಬಾಂಬೆ ಎಕ್ಸಿಬಿಷನ್ ಸೆಂಟರ್. ಯಂತ್ರೋಪಕರಣ, ಔಷಧ, ಪೀಠೋಪಕರಣ ಅಂತ ಒಂದಲ್ಲ ಒಂದು ವ್ಯಾಪಾರ ಮೇಳ ಇರುತ್ತೆ. ಮೇಳದ ದಿನ ಸುತ್ತಲಿನ ರೂಮುಗಳೆಲ್ಲ ವ್ಯಾಪಾರಿಗಳಿಂದ ತುಂಬಿರುತ್ತೆ. ಹಾಗಾಗಿ ನಿಮ್ಮ ಕಾರ್ಯಕ್ರಮ ಮಹಾಲಕ್ಷ್ಮಿಯಲ್ಲಿದ್ದರೂ, ಗೋರೆಗಾಂವ್‌ನಲ್ಲಿ ರೂಮ್ ಹುಡುಕುವ ಮುಂಚೆ ಆ ವಾರ ನೆಸ್ಕೋದಲ್ಲಿ ಏನಿದೆ ಅಂತ ನೋಡಿ. ಮೇಳ ಇದ್ದರೆ ಮಲಾಡ್, ಕಾಂದಿವಲಿಗೆ ಸರಿಯಿರಿ. ಒಂದೆರಡು ಸ್ಟೇಷನ್ ಹೆಚ್ಚಾಗುತ್ತೆ ಅಷ್ಟೇ.

ಡಿ.ವೈ. ಪಾಟೀಲ್ ಸ್ಟೇಡಿಯಂ ಆದರೆ ಮಾತ್ರ ಗೋರೆಗಾಂವ್ ಬೇಡ. ಅದು ನೆರುಳ್‌ನಲ್ಲಿದೆ. ಗೋರೆಗಾಂವ್‌ನಿಂದ ಹಾರ್ಬರ್ ಗಾಡಿ ಇದೆ, ವಡಾಲಾದಲ್ಲಿ ಬದಲಾಯಿಸಿ ಪನ್ವೇಲ್ ಗಾಡಿ ಹಿಡಿದು ಹೋಗಬಹುದು. ಹಗಲು ಸರಿ. ರಾತ್ರಿ ವಾಪಸ್ ಬರುವಾಗ ಎರಡನೇ ಗಾಡಿ ತಪ್ಪಿದರೆ ಕಷ್ಟ. ಆ ಕಡೆಯ ಕಾರ್ಯಕ್ರಮಕ್ಕೆ ಅದೇ ಹಾರ್ಬರ್ ಲೈನಿನ ಚೆಂಬೂರು, ಮಾನ್‌ಖುರ್ದ್ ಅಥವಾ ವಾಶಿ ಕಡೆ ನೋಡಿ. ಬದಲಾಯಿಸದೆ ಒಂದೇ ಗಾಡಿಯಲ್ಲಿ ವಾಪಸ್ ಬರೋ ಹಾಗಿರಬೇಕು.

ಎಂಥ ಜಾಗ ಸಿಗುತ್ತೆ

ಮೊದಲನೇದು ಲಾಡ್ಜ್ ಮತ್ತು ಚಿಕ್ಕ ಹೋಟೆಲ್. ಗೋರೆಗಾಂವ್‌ನಲ್ಲಿ ಸ್ಟೇಷನ್ ಸುತ್ತ, ಪಶ್ಚಿಮದಲ್ಲಿ ಎಸ್.ವಿ. ರೋಡ್, ಪೂರ್ವದಲ್ಲಿ ಆರೆ ರೋಡ್ ಕಡೆ ನೋಡಿ. ಆಫೀಸ್ ಕೆಲಸಕ್ಕೆ ಬರುವವರನ್ನ ನಂಬಿರೋ ಹೋಟೆಲ್‌ಗಳಲ್ಲಿ ವಾರದ ದಿನ ಜಾಸ್ತಿ, ಶನಿವಾರ ಭಾನುವಾರ ದರ ಇಳಿಯೋದುಂಟು. ಸಂಗೀತೋತ್ಸವ ಶನಿವಾರ ಭಾನುವಾರವೇ ಇರೋದರಿಂದ ಇದು ನಿಮಗೆ ಅನುಕೂಲ.

ಎರಡನೇದು ಪಿಜಿ. ಗೋರೆಗಾಂವ್, ಮಲಾಡ್ ಕಡೆ ಐಟಿ ಆಫೀಸುಗಳಿವೆ, ಫಿಲ್ಮ್ ಸಿಟಿ ಇದೆ. ಕೆಲಸಕ್ಕೆ, ಆಡಿಷನ್‌ಗೆ ಅಂತ ಬಂದವರು ಪಿಜಿಗಳಲ್ಲಿ ಇರ್ತಾರೆ. ತಿಂಗಳ ಲೆಕ್ಕ, ಮೇಲೆ ಡಿಪಾಸಿಟ್, ಅದು ಸಾಮಾನ್ಯ ಪದ್ಧತಿ. ಆದರೆ ಬೇಸಿಗೆ ರಜೆಗೆ ಹುಡುಗರು ಊರಿಗೆ ಹೋದಾಗ ಖಾಲಿ ಬೆಡ್‌ಗಳನ್ನ ದಿನದ ಲೆಕ್ಕಕ್ಕೆ ಕೊಡುವವರು ಇದ್ದಾರೆ. ಇದು ಬೋರ್ಡಿನಲ್ಲಿ ಬರೆದಿರಲ್ಲ, ಕೇಳಬೇಕು. ಹೆಣ್ಣುಮಕ್ಕಳ ಪಿಜಿಯಲ್ಲಿ ರಾತ್ರಿ ಬಾಗಿಲು ಹಾಕೋ ಸಮಯ ಇರುತ್ತೆ. ಹತ್ತಕ್ಕೆ ಬಾಗಿಲು ಹಾಕೋ ಕಡೆ ದುಡ್ಡು ಕೊಟ್ಟರೆ ಸಂಗೀತೋತ್ಸವಕ್ಕೆ ಅದು ಉಪಯೋಗಕ್ಕೆ ಬರಲ್ಲ.

ಮೂರನೇದು ಡಾರ್ಮಿಟರಿ ಮತ್ತು ಪಾಡ್. ಮಹಾಲಕ್ಷ್ಮಿಯ ಪಕ್ಕದ ಸ್ಟೇಷನ್ನೇ ಮುಂಬೈ ಸೆಂಟ್ರಲ್. ಅಲ್ಲಿ 2021ರ ನವೆಂಬರ್‌ನಲ್ಲಿ ರೈಲ್ವೆಯವರು ಪಾಡ್ ಹೋಟೆಲ್ ಶುರು ಮಾಡಿದ್ರು. ಒಬ್ಬರು ಮಲಗುವಷ್ಟು ಗೂಡು, ಎಸಿ, ಸಾಮಾನು ಇಡೋಕೆ ಜಾಗ. ಶುರುವಿನಲ್ಲಿ 12 ಗಂಟೆಗೆ 999 ರೂಪಾಯಿ, 24 ಗಂಟೆಗೆ 1,999 ಇತ್ತು. ಈಗಿನ ದರ ವಿಚಾರಿಸಿಕೊಳ್ಳಿ. ಒಬ್ಬರೇ ಬಂದಿದ್ದರೆ, ರಾತ್ರಿ ಮಲಗಿ ಬೆಳಿಗ್ಗೆ ಹೊರಡೋದಷ್ಟೇ ಇದ್ದರೆ, ಇದು ಒಳ್ಳೆಯದು. ಇಬ್ಬರು ಮೂವರು ಇದ್ದರೆ ತಲೆಗೊಂದು ಗೂಡಿನ ದುಡ್ಡು ಸೇರಿಸಿ ನೋಡಿ, ಗೋರೆಗಾಂವ್‌ನ ಒಂದು ರೂಮೇ ಅಗ್ಗ ಅಂತ ಬರಬಹುದು.

ನಾಲ್ಕನೇದು ರೈಲ್ವೆ ರಿಟೈರಿಂಗ್ ರೂಮ್. ದೂರದ ರೈಲಿನ ಕನ್ಫರ್ಮ್ ಅಥವಾ ಆರ್‌ಎಸಿ ಟಿಕೆಟ್ ಇದ್ದರೆ, ಇಳಿಯೋ ಸ್ಟೇಷನ್ನಿನಲ್ಲಿ ಪಿಎನ್ಆರ್ ನಂಬರಿನ ಮೇಲೆ ಐಆರ್‌ಸಿಟಿಸಿಯಲ್ಲಿ ಬುಕ್ ಮಾಡಬಹುದು. ದರ ಕಡಿಮೆ, ಆದ್ದರಿಂದ ಬೇಗ ತುಂಬಿಹೋಗುತ್ತೆ. ರೈಲು ಟಿಕೆಟ್ ಕನ್ಫರ್ಮ್ ಆದ ದಿನವೇ ನೋಡಿ.

ಹೆಣ್ಣುಮಕ್ಕಳಿಗೆ ಇನ್ನೊಂದು ದಾರಿ ಇದೆ. ದಕ್ಷಿಣ ಮುಂಬೈಯ ಮೇಡಂ ಕಾಮಾ ರಸ್ತೆಯಲ್ಲಿ ವೈಡಬ್ಲ್ಯುಸಿಎ ಅತಿಥಿಗೃಹ ಇದೆ. ತೀರಾ ಅಗ್ಗ ಅಲ್ಲ, ಆದರೆ ಮನೆಯವರಿಗೆ ಧೈರ್ಯ ಬರೋ ಜಾಗ. ಮೊದಲೇ ಬರೆದು ಕೇಳಬೇಕು.

ಇನ್ನು ಪರಿಚಯದವರ ಖಾಲಿ ಮನೆ. ಮೇ ತಿಂಗಳಲ್ಲಿ ಶಾಲೆಗೆ ರಜೆ, ನಮ್ಮ ಕನ್ನಡ, ತುಳು ಮನೆಗಳು ಎಷ್ಟೋ ಊರಿಗೆ ಹೋಗಿ ಬೀಗ ಹಾಕಿರುತ್ತೆ. ಅಂಥವರು ಕೀ ಕೊಡೋಕೆ ಒಪ್ಪಿದರೆ ಪುಣ್ಯ. ಆದರೆ ಸೊಸೈಟಿಯ ಸೆಕ್ರೆಟರಿಗೆ, ವಾಚ್‌ಮನ್‌ಗೆ ಮನೆಯವರೇ ಮೊದಲು ಹೇಳಿರಬೇಕು, ಬರುವವರ ಹೆಸರು ಕೊಟ್ಟಿರಬೇಕು. ಇಲ್ಲದಿದ್ದರೆ ರಾತ್ರಿ ಒಂದು ಗಂಟೆಗೆ ಗೇಟಿನಲ್ಲಿ ನಿಲ್ಲಿಸ್ತಾರೆ, ಅದು ಅವರ ಕೆಲಸ.

ಅಗ್ಗದ ರೂಮು ನಿಜವಾಗಿ ಅಗ್ಗವಾ?

ಒಂದು ಲೆಕ್ಕ ಮಾಡೋಣ. ಸಂಖ್ಯೆಗಳು ಉದಾಹರಣೆಗೆ ಮಾತ್ರ. ಇಬ್ಬರು, ಎರಡು ರಾತ್ರಿ.

ಮೈದಾನದ ಹತ್ತಿರ ರಾತ್ರಿಗೆ 5,000. ಎರಡು ರಾತ್ರಿಗೆ 10,000. ಓಡಾಟದ ಖರ್ಚು ಇಲ್ಲ.

ಗೋರೆಗಾಂವ್ ಸ್ಟೇಷನ್‌ನಿಂದ ನಡೆದು ಹೋಗುವಷ್ಟು ಹತ್ತಿರ ರಾತ್ರಿಗೆ 2,200. ಎರಡು ರಾತ್ರಿಗೆ 4,400. ಇಬ್ಬರಿಗೆ ಎರಡು ದಿನದ ಲೋಕಲ್ ಟಿಕೆಟ್ 80. ಒಟ್ಟು 4,480.

ಸ್ಟೇಷನ್ನಿನಿಂದ ದೂರ, ಹೈವೇ ಪಕ್ಕದ ಲಾಡ್ಜ್ ರಾತ್ರಿಗೆ 1,900. ಎರಡು ರಾತ್ರಿಗೆ 3,800, ಲೋಕಲ್‌ಗೆ 80. ನೋಡೋಕೆ 600 ಉಳಿತಾಯ. ಆದರೆ ಹೋಗುವಾಗ ಬರುವಾಗ ಆಟೋ. ಆಟೋದ ಕನಿಷ್ಠ ಬಾಡಿಗೆ 2025ರ ಫೆಬ್ರವರಿಯಿಂದ 26 ರೂಪಾಯಿ ಆಗಿದೆ, ರಾತ್ರಿ 12ರಿಂದ ಬೆಳಿಗ್ಗೆ 5ರ ತನಕ ಮೀಟರಿನ ಮೇಲೆ ಕಾಲು ಭಾಗ ಹೆಚ್ಚು. ನಾಲ್ಕು ಸಲ ಆಟೋ ಅಂದರೆ ಸುಮಾರು 400 ಹೋಯ್ತು. ಉಳಿದ 200 ರೂಪಾಯಿಗೆ ನಡುರಾತ್ರಿ ಆಟೋ ಹುಡುಕೋ ತಾಪತ್ರಯ. ಹೆಣ್ಣುಮಕ್ಕಳಾದರೆ ನಾನಂತೂ ಆ 200 ಉಳಿಸು ಅನ್ನಲ್ಲ.

ಹಾಗಾಗಿ ಬಾಡಿಗೆಗೆ ರಾತ್ರಿಯ ಓಡಾಟ ಸೇರಿಸಿದ ಮೇಲೆ ಬರೋದೇ ರೂಮಿನ ನಿಜವಾದ ದರ. ಸ್ಟೇಷನ್ನಿನಿಂದ ಹತ್ತು ನಿಮಿಷದ ನಡಿಗೆ, ಜನ ಓಡಾಡೋ ರಸ್ತೆ. ಈ ಎರಡು ಇದ್ದರೆ ನೂರಿನ್ನೂರು ಹೆಚ್ಚು ಕೊಡಿ.

ದುಡ್ಡು ಕಟ್ಟೋ ಮುಂಚೆ ಫೋನಿನಲ್ಲಿ ಕೇಳಬೇಕಾದ್ದು

ಆನ್‌ಲೈನ್‌ನಲ್ಲಿ ಬುಕ್ ಮಾಡಿ, ತಪ್ಪಿಲ್ಲ. ಆದರೆ ಮಾಡೋ ಮುಂಚೆ ಆ ಹೋಟೆಲಿನ ಸ್ವಂತ ನಂಬರಿಗೆ ಒಂದು ಫೋನ್ ಮಾಡಿ. ಹಿಂದಿ ಹರಕುಮುರುಕಾದರೂ ಪರವಾಗಿಲ್ಲ, ಮುಂಬೈಯಲ್ಲಿ ಯಾರೂ ನಗಲ್ಲ.

ಒಂದು: "ಟ್ಯಾಕ್ಸ್ ಮಿಲಾಕೆ ಕಿತನಾ?" ಅಂದರೆ ತೆರಿಗೆ ಸೇರಿ ಎಷ್ಟು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿ ಒಳಗಿನ ರೂಮಿಗೆ ಜಿಎಸ್‌ಟಿ 12ರಿಂದ ಶೇಕಡಾ 5ಕ್ಕೆ ಇಳಿದಿದೆ. ಹಳೇ ಲೆಕ್ಕದಲ್ಲಿ 12 ಕೇಳಿದರೆ ಬಿಲ್ ತೋರಿಸಿ ಅನ್ನಿ.

ಎರಡು: ಯಾರ್‍ಯಾರಿಗೆ ರೂಮ್ ಕೊಡ್ತೀರಿ? ಕೆಲವು ಲಾಡ್ಜ್‌ಗಳಲ್ಲಿ ಮುಂಬೈ ವಿಳಾಸದ ಐಡಿ ಇದ್ದರೆ ಕೊಡಲ್ಲ, ಕೆಲವು ಕಡೆ ಹುಡುಗರ ಗುಂಪಿಗೆ ಕೊಡಲ್ಲ, ಕೆಲವು ಕಡೆ ಮದುವೆಯಾಗದ ಜೋಡಿಗೆ ಕೊಡಲ್ಲ. ಇದು ಅವರವರ ಪದ್ಧತಿ, ಕಾನೂನಲ್ಲ. ಮದುವೆಯಾಗದ ವಯಸ್ಕರು ಹೋಟೆಲಿನಲ್ಲಿ ಇರೋದು ಅಪರಾಧ ಅನ್ನೋ ಕಾನೂನಿಲ್ಲ ಅಂತ 2019ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದೆ. ಆದರೆ ರಾತ್ರಿ ಹನ್ನೊಂದಕ್ಕೆ ಕೌಂಟರಿನ ಮುಂದೆ ಕಾನೂನು ವಾದ ಮಾಡೋಕಾಗಲ್ಲ. ಮೊದಲೇ ಕೇಳಿಬಿಡಿ.

ಮೂರು: ರಾತ್ರಿ ಒಂದು ಗಂಟೆಗೆ ಬಂದರೆ ಬಾಗಿಲು ತೆಗೀತೀರಾ? ಯಾರಿರ್ತಾರೆ?

ನಾಲ್ಕು: ನನ್ನ ಬುಕಿಂಗ್ ನಿಮ್ಮ ರಿಜಿಸ್ಟರಿನಲ್ಲಿ ಇದೆಯಾ? ದುಡ್ಡು ಕಟ್ಟಿದ ಮೇಲೆ ಒಂದು ಸಲ, ಹೊರಡೋ ಹಿಂದಿನ ದಿನ ಇನ್ನೊಂದು ಸಲ ಇದನ್ನ ಕೇಳಿ. ಯಾರು ಮಾತಾಡಿದ್ರು ಅಂತ ಹೆಸರು ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ವಾಟ್ಸಾಪಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ.

ಎಲ್ಲರ ಐಡಿನೂ ಬೇಕು, ಒಬ್ಬರದು ಸಾಲಲ್ಲ. ಆಧಾರ್ ಜೆರಾಕ್ಸ್ ಕೊಡೋ ಬದಲು ಕೊನೆಯ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿ ಪ್ರಿಂಟ್ ತಂದರೆ ಒಳ್ಳೆಯದು. ಡ್ರೈವಿಂಗ್ ಲೈಸೆನ್ಸ್, ವೋಟರ್ ಕಾರ್ಡೂ ನಡೆಯುತ್ತೆ.

ಎಲ್ಲಕ್ಕಿಂತ ಮುಖ್ಯವಾದ್ದು: ಮೊದಲು ರೂಮಿಗೆ ಹೋಗಿ

ನಮ್ಮ ಹುಡುಗಿಯರ ನಿಜವಾದ ತಪ್ಪು ಅಗ್ಗದ ಲಾಡ್ಜ್ ಹಿಡಿದದ್ದಲ್ಲ. ಬೆಳಿಗ್ಗೆ ಬಂದವರು ರಾತ್ರಿ ತನಕ ಆ ಲಾಡ್ಜ್ ಕಡೆ ತಲೆ ಹಾಕದೇ ಇದ್ದದ್ದು. ಹಗಲು ಹನ್ನೆರಡಕ್ಕೆ ಹೋಗಿ ರಿಜಿಸ್ಟರಿನಲ್ಲಿ ಸಹಿ ಹಾಕಿ ಕೀ ತಗೊಂಡಿದ್ದರೆ, ಆ ರೂಮನ್ನ ಬೇರೆಯವರಿಗೆ ಕೊಡೋದು ಅಷ್ಟು ಸುಲಭ ಆಗ್ತಿರಲಿಲ್ಲ. ಕೊಡಲ್ಲ ಅಂದಿದ್ದರೂ ಬೇರೆ ಹುಡುಕೋಕೆ ಇಡೀ ಹಗಲು ಇರ್ತಿತ್ತು.

ರೈಲು ಬೆಳಗಿನ ಜಾವ ಬರುತ್ತೆ, ಚೆಕ್‌ಇನ್ ಹನ್ನೆರಡಕ್ಕೆ. ನಡುವಿನ ಹೊತ್ತಿಗೆ ಕ್ಲೋಕ್‌ರೂಮ್ ಇದೆ, ನಿಜ. ಬ್ಯಾಗಿಗೆ ಬೀಗ ಇರಬೇಕು, ರೈಲು ಟಿಕೆಟ್ ತೋರಿಸಬೇಕು. ಆದರೆ ಲಾಡ್ಜ್‌ನವರಿಗೆ ಬೇಗ ಬರ್ತೀವಿ, ಬ್ಯಾಗ್ ಇಡೋಕೆ ಬಿಡಿ ಅಂತ ಕೇಳಿದರೆ ಬಹಳ ಜನ ಒಪ್ತಾರೆ. ಬ್ಯಾಗ್ ಅಲ್ಲಿಟ್ಟರೆ ಬುಕಿಂಗ್ ಇದೆಯೋ ಇಲ್ಲವೋ ಅನ್ನೋದೂ ಆಗಲೇ ಗೊತ್ತಾಗುತ್ತೆ. ಆಮೇಲೆ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಊಟ ಮಾಡಿ, ಒಂದು ನಿದ್ದೆ ತೆಗೆದು ಹೊರಡಿ. ಮಾರ್ಚ್ ಬಂತೆಂದರೆ ಇಲ್ಲಿಯ ಸೆಖೆ ನಮ್ಮ ಕಡೆಯ ಒಣ ಬಿಸಿಲಿನ ಹಾಗಲ್ಲ, ಬೆವರಿ ಬೆವರಿಯೇ ಸುಸ್ತಾಗುತ್ತೆ. ಹಗಲೆಲ್ಲ ಸುತ್ತಿದವರಿಗೆ ರಾತ್ರಿ ಎಂಟರ ಹಾಡು ಕೇಳೋಕೆ ಶಕ್ತಿ ಉಳಿಯಲ್ಲ. ಸ್ಟೇಷನ್ನಿನಲ್ಲಿ ರಿಟರ್ನ್ ಟಿಕೆಟ್ ಹೋಗುವಾಗಲೇ ತಗೊಳ್ಳಿ, ರಾತ್ರಿಯ ಸಾಲು ತಪ್ಪುತ್ತೆ.

ಹೆಣ್ಣುಮಕ್ಕಳು ಲೇಡೀಸ್ ಡಬ್ಬಾನೇ ಹತ್ತಿ. ರಾತ್ರಿ ಹೊತ್ತು ಅದರಲ್ಲಿ ಪೊಲೀಸ್ ಇರ್ತಾರೆ.

ಕೊನೆಗೆ ಇದು ಊರಿನಲ್ಲಿರೋ ಮಕ್ಕಳಿಗೂ, ಮುಂಬೈಯಲ್ಲಿರೋ ನಮ್ಮವರಿಗೂ. ಮಕ್ಕಳೇ, ಕಾಕಾನ ಮನೆ ಚಿಕ್ಕದು ಅಂತ ಫೋನ್ ಮಾಡದೆ ಬರಬೇಡಿ. ಮಲಗೋಕೆ ಜಾಗ ಕೇಳಬೇಕಾಗಿಲ್ಲ. "ಈ ತಾರೀಖಿಗೆ ಬರ್ತಿದ್ದೀವಿ, ಈ ಲಾಡ್ಜಿನಲ್ಲಿ ಇರ್ತೀವಿ, ಸುತ್ತಮುತ್ತ ಹೇಗಿದೆ ಒಂದು ಸಲ ನೋಡಿ ಹೇಳ್ತೀರಾ" ಅಂತ ಕೇಳಿದರೆ ಸಾಕು. ಇಲ್ಲಿರುವವರು ಸಂಜೆ ವಾಕಿಂಗ್ ಹೋಗುವಾಗ ಆ ಗಲ್ಲಿ ನೋಡಿಕೊಂಡು ಬರೋಕೆ ಹತ್ತು ನಿಮಿಷ. ಮುಂಬೈಯವರೇ, ಯಾರಾದರೂ ಹಾಗೆ ಕೇಳಿದರೆ, ಯಾಕೆ ಬೇಕಿತ್ತು ಈ ಹಾಡು ಕುಣಿತ ಅಂತ ಶುರು ಮಾಡಬೇಡಿ. ಒಂದು ಸಲ ಬೈದರೆ ಮುಂದಿನ ಸಲ ಹೇಳದೆ ಬರ್ತಾರೆ.

ಆ ಭಾನುವಾರ ನಮ್ಮ ಹುಡುಗಿಯರು ಎರಡನೇ ದಿನದ ಕಾರ್ಯಕ್ರಮಕ್ಕೆ ಹೋಗೋದೇ ಬೇಡ ಅಂತ ಕೂತಿದ್ರು. ನಮ್ಮ ಮನೆಯವಳು ಬುತ್ತಿ ಕಟ್ಟಿ ಕಳಿಸಿದಳು. ಮೈದಾನದ ಒಳಗೆ ಬುತ್ತಿ ಬಿಡಲ್ಲ ಅಂತ ಟ್ರೇನಿನಲ್ಲೇ ತಿಂದು ಹೋದ್ರಂತೆ. ರಾತ್ರಿ ಹನ್ನೊಂದೂಮುಕ್ಕಾಲಿಗೆ ಗೋರೆಗಾಂವ್‌ನಲ್ಲಿ ಇಳಿದಾಗ ಇಬ್ಬರದೂ ಗಂಟಲು ಕಟ್ಟಿತ್ತು, ಮಾತು ಮಾತ್ರ ನಿಲ್ಲಲಿಲ್ಲ. ಲಾಡ್ಜಿಗೆ ಕಟ್ಟಿದ ದುಡ್ಡು ಮೂರು ವಾರ ಬಿಟ್ಟು ವಾಪಸ್ ಬಂತು.

ನಿಮ್ಮ ಕಡೆಯಿಂದ ಯಾರಾದರೂ ಬರುವವರಿದ್ದರೆ ಇದನ್ನ ಅವರಿಗೆ ಕಳಿಸಿ. ಮುಂದಿನ ವಾರ ಸಿಗೋಣ.